ಹತ್ತು ಎಣಿಸುವವರೆಗೆ

ಆ ಮನೆಯಲ್ಲಿ ಜಡ್ಜಮ್ಮನನ್ನು ಯಾರಾದರೂ ಏನಾದರೂ ಕೇಳಿದರೆ, ಹತ್ತು ಎಣಿಸುವವರೆಗೆ ಬೇರೆ ಯಾರೂ ಬಾಯಿ ತೆರೆಯುವಂತಿರಲಿಲ್ಲ. ಕಾನೂನು ಅಜ್ಜಿಯದು. ಊಟದ ಮೇಜಿನ ಮೇಲೆ ಬೆರಳ ತುದಿಯಿಂದ ಟಕ್ ಟಕ್ ಎಂದು ಎಣಿಸುತ್ತಿದ್ದವರೂ ಅವರೇ. ಮಧ್ಯೆ ಬಾಯಿ ಹಾಕಿದವರು ನೆಂಟರಾದರೂ ಸರಿ, ಡಾಕ್ಟರಾದರೂ ಸರಿ, ಅಜ್ಜಿಯ ಅಂಗೈ ಅವರ ಮೂಗಿನೆದುರು ಬಂದು ನಿಲ್ಲುತ್ತಿತ್ತು.

ಜಡ್ಜಮ್ಮ ಎಂಬ ಹೆಸರೂ ಅಜ್ಜಿ ಇಟ್ಟದ್ದೇ. ಹುಡುಗಿಗೆ ಹದಿನೇಳು ವರ್ಷ. ಹುಟ್ಟುವಾಗ ಉಸಿರು ತಡವಾಗಿ ಬಂದದ್ದರಿಂದ ಕೈಕಾಲು ಅವಳ ಅಂಕೆಯಲ್ಲಿರಲಿಲ್ಲ, ಮಾತು ಬರಲೇ ಇಲ್ಲ. ಕಿವಿ ಮಾತ್ರ ಬಲು ಚುರುಕು. ಗಾಲಿಕುರ್ಚಿಯಲ್ಲಿ ಕೂತು ಮನೆಮಂದಿಯ ವಾದ ಪ್ರತಿವಾದವನ್ನೆಲ್ಲ ಕೇಳಿ ಕೊನೆಗೆ ತೀರ್ಪು ಕೊಡುತ್ತಿದ್ದಳು. ಕಣ್ಣೆತ್ತಿ ಸೂರು ನೋಡಿದರೆ ಹೌದು. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದರೆ ಇಲ್ಲ. ತೀರ್ಪು ತಲೆಯಲ್ಲಿ ಕೂಡಲೇ ಸಿದ್ಧವಾಗುತ್ತಿತ್ತು, ಅದು ಕಣ್ಣಿನವರೆಗೆ ಬರುವುದಕ್ಕೆ ಮಾತ್ರ ಹೊತ್ತು ಹಿಡಿಯುತ್ತಿತ್ತು.

"ಮೊಟ್ಟೆ ಬೇಕಾ ಜಡ್ಜಮ್ಮ?" ಎಂದು ಅಪ್ಪ ಬೆಳಗ್ಗೆ ಬೂಟು ಹಾಕಿಕೊಳ್ಳುತ್ತಲೇ ಕೇಳುವನು. ಅವನಿಗೆ ಲಿಫ್ಟ್ ರಿಪೇರಿಯ ಕೆಲಸ, ಸದಾ ಅವಸರ. "ಬೇಕಂತೆ, ಹಾಕು" ಎಂದು ಹೆಂಡತಿಗೆ ಹೇಳಿಯೂ ಬಿಡುವನು.

"ಇನ್ನೂ ಆರು" ಎನ್ನುವರು ಅಜ್ಜಿ. "ನೀನು ಹುಟ್ಟೋಕೆ ಎರಡು ದಿನ ತಗೊಂಡೆಯಲ್ಲೋ, ನಾನು ಕಾಯಲಿಲ್ವಾ?"

ತಂಗಿ ನಗುವಳು. ಅವಳಿಗೆ ಹದಿಮೂರು, ಮನೆಯಲ್ಲಿ ಕರೆಯುವ ಹೆಸರು ಪಟಾಕಿ. ಜಡ್ಜಮ್ಮ ಒಂಬತ್ತಕ್ಕೆ ಕಣ್ಣು ಮುಚ್ಚುವಳು. ಮೊಟ್ಟೆ ಬೇಡ.

ಅಮ್ಮ ಈ ಕಾನೂನನ್ನು ಮನೆಯೊಳಗೆ ಚಾಚೂತಪ್ಪದೆ ಪಾಲಿಸುತ್ತಿದ್ದಳು. ಹೊರಗೆ ಕಾಲಿಟ್ಟರೆ ಮಾತ್ರ ಅವಳಿಗೆ ಕಷ್ಟವಾಗುತ್ತಿತ್ತು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ಅವಳಿಗೆ, ಗಿರಾಕಿಗಳ ಮುಖ ಸಣ್ಣಗಾಗುವ ಮೊದಲೇ ಅದು ತಿಳಿದುಬಿಡುತ್ತಿತ್ತು. ಕಾಲರು ಸರಿಯಿಲ್ಲ ಎಂದು ಅವರು ಅನ್ನುವಷ್ಟರಲ್ಲಿ ಇವಳು ಬಿಚ್ಚಿ ಹೊಲಿಯಲು ಕೂತಿರುತ್ತಿದ್ದಳು. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಅಂಗಡಿಯ ಸಾಲಿನಲ್ಲಿ, ತನ್ನ ಮಗಳಿಂದ ಯಾರಿಗೆ ತಡವಾಗುತ್ತಿದೆ ಎಂಬುದನ್ನೇ ಅವಳ ಕಣ್ಣು ಹುಡುಕುತ್ತಿತ್ತು.

ಹಾಡಿನ ಗುಂಪಿನ ಸುದ್ದಿ ತಂದವಳು ಪಟಾಕಿ. ಎರಡು ಬೀದಿ ಆಚೆಯ ಸಮುದಾಯ ಭವನದಲ್ಲಿ ಪ್ರತಿ ಶನಿವಾರ ಸಂಜೆ 'ಎಲ್ಲರ ಗಾನ' ಎಂಬ ಗುಂಪು ಸೇರುತ್ತಿತ್ತು. ಮಾತು ಬಾರದವರೂ ಬರಬಹುದು ಎಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು.

"ಬಂದು ಅವಳೇನು ಮಾಡ್ತಾಳೆ?" ಎಂದ ಅಪ್ಪ.

"ಅವಳನ್ನೇ ಕೇಳು" ಎಂದರು ಅಜ್ಜಿ.

ಕೇಳಿದರು. ಆರಕ್ಕೇ ಕಣ್ಣು ಸೂರಿಗೆ ಹೋಯಿತು.

ಅಪ್ಪ ಎರಡು ಭಾನುವಾರ ಹಿತ್ತಲಲ್ಲಿ ಕೂತು ವಾದ್ಯ ಮಾಡಿದ. ಕೆಡವಿದ ಕಟ್ಟಡವೊಂದರ ಲಿಫ್ಟಿನಿಂದ ತಂದಿದ್ದ ಹಸಿರು ಗುಂಡಿಯನ್ನು ಗಾಲಿಕುರ್ಚಿಯ ಹಲಗೆಗೆ ಕೂರಿಸಿದ. ಅದೇ ಲಿಫ್ಟಿನ ಹಿತ್ತಾಳೆ ಗಂಟೆಯನ್ನು ಕುರ್ಚಿಯ ಬದಿಗೆ ಬಿಗಿದ. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆ ಗಂಟೆಗೆ ಬಡಿದು ಠಣ್ ಎನ್ನುತ್ತಿತ್ತು. ಜಡ್ಜಮ್ಮ ಎಡ ಮೊಣಕೈಯನ್ನು ಎತ್ತಿ, ಅದು ಎಲ್ಲೆಲ್ಲೋ ಅಲೆದು, ಕೊನೆಗೆ ಗುಂಡಿಯ ಮೇಲೆ ಬಂದು ಬೀಳುವಾಗ ಅವಳ ನಾಲಿಗೆ ತುದಿ ಹೊರಗೆ ಬಂದಿರುತ್ತಿತ್ತು.

"ಐದನೇ ಮಹಡಿ ಬಂತು" ಎಂದು ಅಪ್ಪ ನಗುವನು. ಅವಳು ಗಂಟಲಲ್ಲಿ ಗೊಳಗೊಳ ಎಂದು ನಗುವಳು. ಮೂರು ದಿನ ಮನೆಯಲ್ಲಿ ಯಾರಿಗೂ ಯಾರ ಮಾತೂ ಕೇಳಿಸಲಿಲ್ಲ. "ಇನ್ನು ನಮಗೆ ಕಿವಿಗೆ ಹತ್ತಿ ಬೇಕು" ಎಂದ ಅಜ್ಜಿಯೇ ಹತ್ತಿರ ಕೂತು "ಇನ್ನೊಂದು ಸಲ" ಎಂದು ಕೇಳುತ್ತಿದ್ದರು.

ಮೊದಲ ನಾಲ್ಕು ಶನಿವಾರ ಎಲ್ಲವೂ ಚೆನ್ನಾಗಿಯೇ ಇತ್ತು. ಮೂವತ್ತು ಜನರ ಗುಂಪು. ಹಾಡಿನ ಸಾಲು ಮುಗಿದಾಗಲೆಲ್ಲ ಜಡ್ಜಮ್ಮನ ಗಂಟೆ ಒಂದು ಸಲ. ಹಾಡಿನ ಟೀಚರ್ ಕೈಯನ್ನು ಗಾಳಿಯಲ್ಲಿ ಹಿಡಿದು ನಿಲ್ಲುವರು, ಮೂವತ್ತು ಜನ ಉಸಿರು ಕಟ್ಟಿ ಕಾಯುವರು, ಠಣ್ ಎನ್ನುವುದು, ಮುಂದಿನ ಸಾಲು ಶುರುವಾಗುವುದು. ಹಿಂದಿನ ಸಾಲಿನಲ್ಲಿ ಹಾಡುತ್ತಿದ್ದ ನಿವೃತ್ತ ಪೋಸ್ಟ್‌ಮನ್ ಒಬ್ಬರು, "ನಮಗೆ ವಯಸ್ಸಾದವರಿಗೆ ಉಸಿರು ತಗೊಳ್ಳೋಕೆ ಜಾಗ ಮಾಡಿಕೊಟ್ಟಳು ನೋಡಿ ಈ ಹುಡುಗಿ" ಎಂದಿದ್ದರು. ಅಮ್ಮ ಆ ಮಾತನ್ನು ಮನೆಗೆ ತಂದು ಒಲೆಯ ಮುಂದೆ ನಿಂತು ಎರಡು ಸಲ ಹೇಳಿದ್ದಳು.

ಐದನೇ ಶನಿವಾರ ಭವನದ ಕಾರ್ಯದರ್ಶಿ ಬಂದು ಬಾಗಿಲ ಬಳಿ ಕೂತರು. ವಾರ್ಷಿಕೋತ್ಸವಕ್ಕೆ ಗುಂಪಿನ ಹಾಡು ಇಡುವುದೆಂದು ತೀರ್ಮಾನವಾಗಿತ್ತು. ದೊಡ್ಡ ಅತಿಥಿಯೊಬ್ಬರು ಬರುವವರಿದ್ದರು, ಅವರು ಮನಸ್ಸು ಮಾಡಿದರೆ ಭವನಕ್ಕೆ ಹೊಸ ಮಾಳಿಗೆ ಬರುವುದಿತ್ತು. ಕಾರ್ಯದರ್ಶಿ ಒಂದು ಸಲ ಹಾಡು ಕೇಳಿ, ಕೈಗಡಿಯಾರ ನೋಡಿ, ಟೀಚರ ಕಿವಿಯಲ್ಲಿ ಏನೋ ಹೇಳಿದರು. ಟೀಚರ್ ಜಡ್ಜಮ್ಮನ ಕುರ್ಚಿಯ ಮುಂದೆ ಬಂದು ಮೊಣಕಾಲೂರಿ ಕೂತರು.

"ನೋಡು ಕಂದಾ, ಪ್ರತಿ ಸಾಲಿಗೂ ಕಾಯ್ತಾ ಕೂತರೆ ಹಾಡು ಉದ್ದ ಆಗುತ್ತೆ. ಒಂದು ಕೆಲಸ ಮಾಡೋಣ. ಗಂಟೆನ ಹಿಂದಿನಿಂದ ಬೇರೆಯವರು ಸರಿಯಾಗಿ ಬಾರಿಸ್ತಾರೆ. ನೀನು ಸುಮ್ನೆ ಒತ್ತುತಾ ಇರು, ನಿನ್ನದು ಸದ್ದು ಮಾಡಲ್ಲ. ನೋಡೋರಿಗೆ ನೀನೇ ಬಾರಿಸಿದ ಹಾಗಿರುತ್ತೆ. ಆಗಬಹುದಾ?"

ಅಮ್ಮ ಎಣಿಸತೊಡಗಿದಳು. ಒಂದು. ಮೂವತ್ತು ಜನ ನಿಂತೇ ಇದ್ದರು. ಎರಡು. ಕಾರ್ಯದರ್ಶಿ ಮತ್ತೆ ಗಡಿಯಾರ ನೋಡಿದರು. ಮೂರು. ಯಾರೋ ಕೆಮ್ಮಿದರು.

"ಆಗುತ್ತೆ ಮೇಡಂ" ಎಂದುಬಿಟ್ಟಳು ಅಮ್ಮ. "ಅವಳಿಗೇನೂ ಬೇಜಾರಿಲ್ಲ."

ಆಮೇಲೆ ಮಗಳ ಮುಖ ನೋಡಲಿಲ್ಲ. ನೋಡದೆ ಕುರ್ಚಿಯ ಬ್ರೇಕು ತೆಗೆದು, ಶಾಲು ಹೊದಿಸಿ, ಎಲ್ಲರಿಗೂ ನಮಸ್ಕಾರ ಹೇಳಿ ಹೊರಟಳು.

ಮನೆಯಲ್ಲಿ ಗಂಡನಿಗೆ ಮಾತ್ರ ಹೇಳಿದಳು. ಅಪ್ಪ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಜನರ ಮುಂದೆ ತಡವಾಗಿ ಬಾರಿಸಿ ಯಾರಾದರೂ ನಕ್ಕರೆ? ಅದಕ್ಕಿಂತ ಇದು ವಾಸಿ" ಎಂದ. ಮರುದಿನ ಗುಂಡಿಯ ಕೆಳಗಿನ ತಂತಿಯೊಂದನ್ನು ಬಿಚ್ಚಿ, ತುದಿಗೆ ಟೇಪು ಸುತ್ತಿಟ್ಟ.

ಆ ವಾರ ಜಡ್ಜಮ್ಮ ಊಟ ಬಿಟ್ಟಳು. ಚಮಚ ತುಟಿಯವರೆಗೆ ಬಂದರೆ ಮುಖ ತಿರುಗಿಸುವಳು. ಅಮ್ಮ ಆಲೂಗಡ್ಡೆಯನ್ನು ಇನ್ನೂ ನುಣ್ಣಗೆ ಹಿಸುಕಿದಳು, ಬೇಳೆಗೆ ಬೆಣ್ಣೆ ಹಾಕಿದಳು. ಹಲ್ಲು ನೋವಿರಬೇಕು ಎಂದು ಟಾರ್ಚು ಹಿಡಿದು ಬಾಯಿ ನೋಡಿದಳು. "ಹಲ್ಲು ನೋಯ್ತಿದೆಯಾ?" ಇಲ್ಲ. "ಹೊಟ್ಟೆ?" ಇಲ್ಲ. "ಗಂಟಲು?" ಇಲ್ಲ. ಪ್ರತಿ ಸಲವೂ ಕೇಳಿ, ಹತ್ತು ಎಣಿಸುವವರೆಗೂ ಕಾದಳು. ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ಕೇಳಿದಳು.

ಬುಧವಾರ ಬೀದಿಯ ಗೋಡೆಗಳ ಮೇಲೆ ಪೋಸ್ಟರ್ ಬಂತು. ನಡುವೆ ಜಡ್ಜಮ್ಮನ ಮುಖ, ಅಗಲವಾಗಿ, ನಗುತ್ತಾ. ಕೆಳಗೆ ಹಸಿರು ಗುಂಡಿಯ ಮೇಲೆ ಅವಳ ಮೊಣಕೈ. 'ಮಾತಿಲ್ಲದವರ ಹಾಡು ಕೇಳಬನ್ನಿ' ಎಂದು ಬರೆದಿತ್ತು.

"ಅಕ್ಕ ಫೇಮಸ್ಸು" ಎಂದು ಪಟಾಕಿ ಚೀಲ ಎಸೆದು ಓಡಿಬಂದಳು. "ಎಲ್ಲಿ, ಒಂದು ಸಲ ಬಾರಿಸು ಅಕ್ಕ."

ಜಡ್ಜಮ್ಮ ಮೊಣಕೈ ಎತ್ತಿದಳು. ಕೈ ಅಲೆದಲೆದು ಗುಂಡಿಯ ಮೇಲೆ ಬಿತ್ತು. ಸದ್ದಿಲ್ಲ. ಮತ್ತೆ ಎತ್ತಿದಳು. ಸದ್ದಿಲ್ಲ. ನಾಲ್ಕನೇ ಸಲಕ್ಕೆ ಅವಳ ಬಾಯಿಂದ ಬಂದ ಕೂಗು ಕೇಳಿ ಅಮ್ಮನ ಯಂತ್ರದ ಸೂಜಿ ಬಟ್ಟೆಯಲ್ಲೇ ನಿಂತಿತು.

"ಅಪ್ಪಾ, ಇದು ಕೆಟ್ಟಿದೆ" ಎಂದಳು ಪಟಾಕಿ, ಸಂಜೆ ಅಪ್ಪ ಬಾಗಿಲಿಗೆ ಬರುತ್ತಿದ್ದಂತೆ.

"ಬ್ಯಾಟರಿ ಇರಬೇಕು. ನೋಡ್ತೀನಿ ಬಿಡು."

"ಬ್ಯಾಟರಿ ನಾನು ಬದಲಾಯಿಸ್ದೆ."

"ನಿನಗ್ಯಾಕೆ ಅದೆಲ್ಲ? ಓದೋದು ಬಿಟ್ಟು..."

ಅಜ್ಜಿ ಬಟಾಣಿ ಸುಲಿಯುತ್ತಿದ್ದವರು ತಟ್ಟೆ ಪಕ್ಕಕ್ಕಿಟ್ಟರು. "ಇಲ್ಲಿ ಕೂತ್ಕೊಳ್ಳೋ. ನಾನೊಂದು ಪ್ರಶ್ನೆ ಕೇಳ್ತೀನಿ. ಗಂಟೆ ಯಾಕೆ ಹೊಡೀತಿಲ್ಲ?" ಎಂದು ಮಗನ ಮುಖವನ್ನೇ ನೋಡುತ್ತಾ ಮೇಜಿನ ಮೇಲೆ ಬೆರಳು ಬಡಿಯತೊಡಗಿದರು. ಟಕ್. ಟಕ್.

"ಅಮ್ಮಾ, ನನಗೂ ಎಣಿಸ್ತೀಯಾ?" ಎಂದ ಅಪ್ಪ.

ಟಕ್. ಟಕ್. ಟಕ್. ಜಡ್ಜಮ್ಮ ಅಪ್ಪನನ್ನೇ ನೋಡುತ್ತಿದ್ದಳು. ಏಳಕ್ಕೆ ಅವನ ತಲೆ ತಗ್ಗಿತು.

"ತಂತಿ ಬಿಚ್ಚಿದೀನಿ. ಭವನದವರು ಹೇಳಿದ್ರು. ಇವಳು ಒಪ್ಪಿಕೊಂಡು ಬಂದಿದ್ಲು."

ಅಜ್ಜಿ ಸೊಸೆಯ ಕಡೆ ತಿರುಗಿದರು. "ಒಪ್ಪಿದ್ದು ಯಾರು? ನೀನಾ, ಅವಳಾ?"

ಅಮ್ಮ ಕೈಯಲ್ಲಿದ್ದ ಕಾಲರನ್ನು ಮಡಚಿದಳು, ಬಿಚ್ಚಿದಳು. "ನಾನು, ಅತ್ತೆ. ಎಲ್ಲರೂ ಕಾಯ್ತಾ ನಿಂತಿದ್ರು. ಮೂರು ಎಣಿಸೋಷ್ಟರಲ್ಲಿ ನಾನೇ ಹೇಳಿಬಿಟ್ಟೆ."

"ಮೂರಕ್ಕೆ?"

"ಮೂರಕ್ಕೆ."

"ಹದಿನೇಳು ವರ್ಷ ಈ ಮೇಜಿನ ಮುಂದೆ ಕೂತು ಇದನ್ನೇನಾ ಕಲಿತದ್ದು? ಮೊಟ್ಟೆ ಬೇಕಾ ಬೇಡ್ವಾ ಅನ್ನೋಕೆ ಹತ್ತು ಎಣಿಸ್ತೀರಿ. ಅವಳ ಸದ್ದು ತೆಗೆದು ಇನ್ನೊಬ್ಬರ ಕೈಗೆ ಕೊಡೋಕೆ ಮೂರು ಸಾಕಾಯ್ತಾ?"

"ನೀವು ಮನೆಯಲ್ಲಿ ಕೂತು ಎಣಿಸ್ತೀರಿ ಅತ್ತೆ." ಅಮ್ಮನ ದನಿ ಒಮ್ಮೆಲೇ ಏರಿತು. "ಹೊರಗೆ ಎಣಿಸೋಳು ನಾನು. ಬಸ್ಸಿನವನು ಹಾರ್ನ್ ಹೊಡೀತಾ ಇರುವಾಗ ಎಣಿಸಿ ನೋಡಿ. ಎಲ್ಲರ ಕಣ್ಣೂ ನನ್ನ ಬೆನ್ನ ಮೇಲೇ ಇರುತ್ತೆ."

ಅಜ್ಜಿ ಬೆರಳನ್ನು ಮೇಜಿನಿಂದ ತೆಗೆದರು. ಪಟಾಕಿ ಬಟಾಣಿ ತಟ್ಟೆಯನ್ನು ಎಳೆದುಕೊಂಡು ಸುಲಿಯತೊಡಗಿದಳು. ಅಮ್ಮ ಎದ್ದು ಹೋಗಿ ಮಗಳ ಕುರ್ಚಿಯ ಮುಂದೆ, ಅಂದು ಟೀಚರ್ ಕೂತಿದ್ದ ಹಾಗೆಯೇ ಕೂತಳು.

"ಅವತ್ತು ನಾನು ಸುಮ್ನಿದ್ದಿದ್ರೆ ನೀನು ಬೇಡ ಅಂತಿದ್ದೆಯಾ?"

ಜಡ್ಜಮ್ಮ ಸೂರು ನೋಡಿದಳು. ಎಣಿಕೆ ನಾಲ್ಕಕ್ಕೂ ಹೋಗಿರಲಿಲ್ಲ. ಸೂರಿನಿಂದ ಕಣ್ಣು ಕೆಳಗಿಳಿಸಲು ಅವಳು ಸಿದ್ಧಳಿರಲಿಲ್ಲ. ಅಮ್ಮನಿಗೆ ಚೆನ್ನಾಗಿ ಅರ್ಥವಾಗಲಿ ಎಂಬಂತೆ ನೋಡುತ್ತಲೇ ಇದ್ದಳು.

ಮರುದಿನ ಮಧ್ಯಾಹ್ನ ಅಮ್ಮ ಹೊಲಿಗೆ ಬಿಟ್ಟು ಭವನಕ್ಕೆ ಹೋದಳು. ಕಚೇರಿಯಲ್ಲಿ ಟೀಚರೂ ಕಾರ್ಯದರ್ಶಿಯೂ ಇದ್ದರು. ಮೇಜಿನ ಮೇಲೆ ಪೋಸ್ಟರುಗಳ ಕಟ್ಟು, ಅದರ ಮೇಲೆ ಯಾರೋ ಚಹಾದ ಲೋಟ ಇಟ್ಟಿದ್ದರು. ಲೋಟದ ಉಂಗುರ ಮಗಳ ಕೆನ್ನೆಯ ಮೇಲೆ ಮೂಡಿತ್ತು.

"ಅವಳ ಗಂಟೆ ಅವಳೇ ಬಾರಿಸಬೇಕು" ಎಂದಳು ಅಮ್ಮ. "ಅದನ್ನ ಹೇಳೋಕೆ ಬಂದೆ."

"ಅಯ್ಯೋ, ನೀವೇ ಅಲ್ವಾ ಒಪ್ಪಿದ್ದು?" ಎಂದರು ಟೀಚರ್.

"ಒಪ್ಪಿದ್ದು ನಾನು. ನೀವು ಕೇಳಿದ್ದು ಅವಳನ್ನ. ನಾನು ಮಧ್ಯೆ ಬಾಯಿ ಹಾಕಿದ್ದು ನನ್ನ ತಪ್ಪು."

"ನೋಡಿ, ಮೊದಲಿಂದ ಅವಳಿಗೋಸ್ಕರ ಕಾದಿದ್ದು ನಾನೇ. ನನಗೂ ಬೇಜಾರಾಗುತ್ತೆ. ಆದರೆ ಅವತ್ತು ಅತಿಥಿಗಳಿರ್ತಾರೆ, ವೀಡಿಯೊ ಆಗುತ್ತೆ. ಹಾಡು ಹಾಳಾದರೆ ಹೆಸರು ಯಾರದು ಕೆಡುತ್ತೆ?"

"ಪೋಸ್ಟರ್ ಮೇಲೆ ನಿಮ್ಮ ಮುಖ ಇಲ್ವಲ್ಲ ಮೇಡಂ, ಅವಳದಿದೆ."

ಕಾರ್ಯದರ್ಶಿ ಕನ್ನಡಕ ತೆಗೆದರು. "ತಾಯೀ, ಇಂಥ ಮಕ್ಕಳಿಗೆ ವೇದಿಕೆ ಕೊಡೋರು ಎಷ್ಟು ಜನ ಇದಾರೆ ಹೇಳಿ? ಅವಕಾಶ ಸಿಕ್ಕಿದ್ದೇ ದೊಡ್ಡದು ಅಂದುಕೊಳ್ಳಬೇಕು. ಜನ ಅವಳನ್ನ ನೋಡಿದ್ರೆ ಸಾಕು, ಕಣ್ಣೀರು ಹಾಕ್ತಾರೆ."

ಅಮ್ಮ ಪೋಸ್ಟರಿನ ಮೇಲಿದ್ದ ಲೋಟ ಎತ್ತಿ ಪಕ್ಕಕ್ಕಿಟ್ಟಳು. ಅವಳು ಮಾತನ್ನು ಅಳೆದು ಕತ್ತರಿಸುವವಳು. ಅವತ್ತೂ ಅಳೆದೇ ಆಡಿದಳು. "ನಿಮ್ಮ ಮಾಳಿಗೆಗೆ ಅವಳ ಮುಖ ಬೇಕು, ಹಾಡಿಗೆ ಅವಳ ಕೈ ಬೇಡ. ಮುಂದಿನ ಸಾಲಿನಲ್ಲಿ ಹಾಡೋ ಹೆಂಗಸರಿಗೆ ಹೀಗೆ ಹೇಳ್ತೀರಾ? ಸುಮ್ನೆ ಬಾಯಿ ಆಡಿಸಮ್ಮ, ದನಿ ಹಿಂದಿನಿಂದ ಬೇರೆಯವರು ಕೊಡ್ತಾರೆ ಅಂತ? ಅವರು ಅವತ್ತೇ ಪುಸ್ತಕ ಎಸೆದು ಹೋಗ್ತಾರೆ. ಇವಳು ಎದ್ದು ಹೋಗೋಕೆ ಆಗಲ್ಲ ಅಂತ ತಾನೇ ಧೈರ್ಯ?"

ಟೀಚರ್ ಕಿಟಕಿಯ ಕಡೆ ತಿರುಗಿದರು.

"ಮಾತಾಗಿದೆ, ಹಾಗೇ ನಡೆಯುತ್ತೆ" ಎಂದರು ಕಾರ್ಯದರ್ಶಿ. "ಇಷ್ಟ ಇಲ್ದಿದ್ರೆ ಕರ್ಕೊಂಡು ಬರಬೇಡಿ."

ಅಮ್ಮ ಮೇಲಿನ ಪೋಸ್ಟರನ್ನು ಎತ್ತಿ, ಸೆರಗಿನಿಂದ ಚಹಾದ ಕಲೆ ಒರೆಸಿ, ಸುತ್ತಿಕೊಂಡು ಹೊರಟಳು. ಕಲೆ ಪೂರ್ತಿ ಹೋಗಲಿಲ್ಲ.

ಅಂದು ರಾತ್ರಿ ಊಟಕ್ಕೆ ಐವರೂ ಕೂತರು. ಅಮ್ಮ ನಡೆದದ್ದನ್ನೆಲ್ಲ ಹೇಳಿದಳು, ಏನನ್ನೂ ಮೃದು ಮಾಡಲಿಲ್ಲ. ಆಮೇಲೆ ಕೇಳಿದಳು. "ಹೋಗೋಣ್ವಾ?" ಹೌದು. "ಸದ್ದು ಬರೋ ಗಂಟೆ ಜೊತೆ?" ಹೌದು. "ಅವರು ಬಯ್ದರೆ?" ಅದಕ್ಕೆ ಜಡ್ಜಮ್ಮ ಗೊಳಗೊಳ ನಕ್ಕಳು. ನಕ್ಕ ಬಾಯಿಗೆ ಅಮ್ಮ ಚಮಚ ಹಿಡಿದಳು. ನಾಲ್ಕು ದಿನದ ಮೇಲೆ ಅವಳು ನುಂಗಿದ ಮೊದಲ ತುತ್ತು ಅದು.

"ಬಾಗಿಲಲ್ಲೇ ತಡೆದರೆ ಏನು ಮಾಡೋದು?" ಎಂದ ಅಪ್ಪ, ಕುರ್ಚಿಯ ಕೆಳಗೆ ಮಲಗಿ ಟೇಪು ಬಿಚ್ಚುತ್ತಾ.

"ತಡೀಲಿ" ಎಂದರು ಅಜ್ಜಿ. "ಅವಳ ಮುಖ ಬಾಗಿಲ ಮೇಲೇ ಅಂಟಿಸಿದಾರೆ. ಅದರ ಕೆಳಗೆ ನಿಂತು ಒಳಗೆ ಬರಬೇಡ ಅನ್ನಲಿ."

ಯಾರೂ ತಡೆಯಲಿಲ್ಲ. ವಾರ್ಷಿಕೋತ್ಸವದ ದಿನ ಬೆಳಗಿನ ಹನ್ನೊಂದು ಗಂಟೆಗೆ ಭವನ ತುಂಬಿತ್ತು. ಕಾರ್ಯದರ್ಶಿ ಕುರ್ಚಿಯನ್ನು ವೇದಿಕೆಯ ನಟ್ಟನಡುವೆ, ಕ್ಯಾಮೆರಾಕ್ಕೆ ಸರಿಯಾಗಿ ನಿಲ್ಲಿಸಿದರು. ಹಿಂದಿನ ಸಾಲಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಪೋಸ್ಟ್‌ಮನ್ನರ ಕೈಗೆ ಒಂದು ಗಂಟೆ, ಒಂದು ಕೋಲು ಕೊಟ್ಟಿದ್ದರು. ಅಮ್ಮ ವೇದಿಕೆಯ ಮೆಟ್ಟಿಲ ಮೇಲೆ, ಮಗಳ ಕಣ್ಣಿಗೆ ಬೀಳುವಂತೆ ಕೂತಳು.

ಮೊದಲ ಸಾಲು ಮುಗಿಯಿತು. ಹಿಂದಿನಿಂದ ಗಂಟೆ ಸರಿಯಾದ ಹೊತ್ತಿಗೆ ಬಡಿಯಿತು. ಎರಡನೇ ಸಾಲು ಅರ್ಧಕ್ಕೆ ಬಂದಾಗ ಜಡ್ಜಮ್ಮನ ಮೊಣಕೈ ಬಿತ್ತು. ಠಣ್.

ಟೀಚರ ಕೈ ಒಂದು ಕ್ಷಣ ತಡವರಿಸಿತು. ಕಾರ್ಯದರ್ಶಿ ಮೈಕಿನವನಿಗೆ ಸನ್ನೆ ಮಾಡಿದರು, ಅವನು ವೇದಿಕೆಯ ನಡುವಿನ ಮೈಕಿನ ದನಿ ಇಳಿಸಿದ. ಲಿಫ್ಟಿನ ಗಂಟೆಗೆ ಮೈಕು ಯಾಕೆ? ಅದು ಏಳು ಮಹಡಿಗೆ ಕೇಳಲೆಂದು ಮಾಡಿದ್ದು. ಎರಡನೇ ಸಾಲಿಗೂ ಎರಡು ಗಂಟೆ ಕೇಳಿತು, ಒಂದು ಎರವಲಿನದು, ಒಂದು ಅವಳದು. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಪ್ಪ ಎದ್ದು ನಿಂತು ಆ ಕಡೆ ತಿರುಗಿದ. ಅಜ್ಜಿ ಅವನ ಅಂಗಿ ಹಿಡಿದು ಕೂರಿಸಿದರು.

ಮೂರನೇ ಸಾಲು ಮುಗಿದಾಗ ಪೋಸ್ಟ್‌ಮನ್ ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡರು. ಹಿಂದಿನ ಸಾಲಿನವರು ಹಾಡುವುದನ್ನು ನಿಲ್ಲಿಸಿ, ಮೊದಲ ಶನಿವಾರಗಳಂತೆ ಉಸಿರು ಕಟ್ಟಿ ಕಾದರು. ಮುಂದಿನ ಸಾಲಿನವರು ಟೀಚರ ಕೈ ನೋಡಿ ಮುಂದಕ್ಕೆ ಹೋದರು. ಹಾಡು ಎರಡು ತುಂಡಾಯಿತು. ಒಬ್ಬೊಬ್ಬರೇ ತಪ್ಪಿ, ತಡಕಿ, ಕೊನೆಗೆ ಎಲ್ಲರೂ ನಿಂತುಬಿಟ್ಟರು. ಆ ಖಾಲಿಯಲ್ಲಿ ಮೊಣಕೈ ಅಲೆಯುತ್ತಿರುವುದು ಮಾತ್ರ ಕಾಣುತ್ತಿತ್ತು. ಅಮ್ಮ ಎಣಿಸಲಿಲ್ಲ, ನೋಡುತ್ತಾ ಕೂತಳು. ಠಣ್.

ಕಾರ್ಯದರ್ಶಿ ಜೋರಾಗಿ ಚಪ್ಪಾಳೆ ತಟ್ಟಿದರು. ಸಭೆಯೂ ತಟ್ಟಿತು. ಇನ್ನೂ ಒಂದು ಸಾಲು ಉಳಿದಿತ್ತು. ಅದನ್ನು ಹಾಡಲು ಯಾರೂ ಬಿಡಲಿಲ್ಲ. ಅತಿಥಿಗಳು ಆಗಲೇ ಹೂಗುಚ್ಛ ಹಿಡಿದು ವೇದಿಕೆ ಹತ್ತುತ್ತಿದ್ದರು. ಜಡ್ಜಮ್ಮನ ಮೊಣಕೈ ಕೊನೆಯ ಸಾಲಿಗೆಂದು ಅರ್ಧ ಎತ್ತಿದ್ದಲ್ಲೇ ಇತ್ತು. ಅತಿಥಿ ಹೂಗುಚ್ಛವನ್ನು ಹಸಿರು ಗುಂಡಿಯ ಮೇಲೇ ಇಟ್ಟು, ಅವಳ ತಲೆ ಸವರಿ, ಮೈಕು ತೆಗೆದುಕೊಂಡರು.

"ಏನಮ್ಮಾ, ಇವತ್ತು ನಿನಗೆ ತುಂಬಾ ಸಂತೋಷ ಆಯ್ತು ಅಲ್ವಾ?" ಎಂದು ಕೇಳಿ, ಕೂಡಲೇ ಕ್ಯಾಮೆರಾದ ಕಡೆ ತಿರುಗಿ, "ನೋಡಿ, ಈ ಮಗುವಿನ ಮುಖದಲ್ಲಿ..." ಎಂದು ಶುರು ಮಾಡಿದರು.

"ಸರ್, ಸ್ವಲ್ಪ ತಡೀರಿ."

ಅಮ್ಮ ಮೆಟ್ಟಿಲಿನಿಂದ ಎದ್ದು ವೇದಿಕೆಯ ನಡುವೆ ಬಂದು ನಿಂತಿದ್ದಳು. ಅವಳ ಅಂಗೈ ಅತಿಥಿಯ ಮೂಗಿನೆದುರಿತ್ತು.

"ನೀವು ಅವಳನ್ನ ಪ್ರಶ್ನೆ ಕೇಳಿದ್ರಿ. ಅವಳಿನ್ನೂ ಹೇಳಿಲ್ಲ."

ಅತಿಥಿ ನಗಲು ನೋಡಿದರು. ಕಾರ್ಯದರ್ಶಿ "ಅಮ್ಮಾ, ಕೆಳಗೆ..." ಎಂದು ಧಾವಿಸಿದರು. ಇನ್ನೊಂದು ಅಂಗೈ ಅವರೆದುರು ಎದ್ದಿತು. ಸಭೆಯ ಮೂರನೇ ಸಾಲಿನಿಂದ ಟಕ್ ಎಂದಿತು. ಅಜ್ಜಿ ಮುಂದಿನ ಕುರ್ಚಿಯ ಬೆನ್ನಿಗೆ ಬಡಿಯುತ್ತಿದ್ದರು. ಟಕ್. ಪಟಾಕಿಯೂ ಬಡಿದಳು. ಹಿಂದಿನ ಸಾಲಿನಲ್ಲಿ ಪೋಸ್ಟ್‌ಮನ್ ಕೋಲಿನಿಂದ ನೆಲ ಕುಟ್ಟಿದರು. ಮುನ್ನೂರು ಜನ ಅಮ್ಮನನ್ನೇ ನೋಡುತ್ತಿದ್ದರು. ಕ್ಯಾಮೆರಾದವನು ಗಡಿಯಾರ ನೋಡಿದ. ಯಾರೋ ಕೆಮ್ಮಿದರು. ಅಮ್ಮ ಆ ಯಾವುದರ ಕಡೆಗೂ ತಿರುಗದೆ ಮಗಳ ಕಣ್ಣು ನೋಡುತ್ತಾ ನಿಂತಳು. ಆರು. ಏಳು. ಎಂಟು.

ಒಂಬತ್ತಕ್ಕೆ ಜಡ್ಜಮ್ಮ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದಳು.

"ಇಲ್ಲ ಅಂದಳು" ಎಂದಳು ಅಮ್ಮ, ಮೈಕಿಗೆ ಕೇಳುವಂತೆ.

ಅತಿಥಿಯ ಮುಖ ಸಣ್ಣಗಾಯಿತು. ಅಮ್ಮ ಅದನ್ನು ಕಂಡಳು, ಕಂಡೂ ಏನನ್ನೂ ಬಿಚ್ಚಿ ಹೊಲಿಯಲು ಹೋಗಲಿಲ್ಲ. ಹಸಿರು ಗುಂಡಿಯ ಮೇಲಿದ್ದ ಹೂಗುಚ್ಛವನ್ನು ಎತ್ತಿ ಕಾರ್ಯದರ್ಶಿಯ ಕೈಗೆ ಕೊಟ್ಟಳು.

"ಯಾಕಂತೆ?" ಎಂದು ಕೇಳಿದರು ಅತಿಥಿ.

"ಅದಕ್ಕೆ ಬಹಳ ಸಲ ಹತ್ತು ಎಣಿಸಬೇಕಾಗುತ್ತೆ ಸರ್" ಎಂದಳು ಅಮ್ಮ. "ಕೂತ್ಕೊಳ್ಳಿ. ಮೊದಲು ಅವಳ ಕೊನೇ ಸಾಲು ಬಾಕಿ ಇದೆ."